ಪಂಚರ ಮಾತು, ಕೋರ್ಟಿನ ಬಾಗಿಲು

'ಪಂಚಾಯ್ತಿ' ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುತ್ತದೆ. ಮಕ್ಕಳಿಬ್ಬರು ಒಂದು ಚೆಂಡಿಗಾಗಿ ಕಿತ್ತಾಡಿದರೆ ತಾಯಿ ಪಂಚಾಯ್ತಿ ಮಾಡುತ್ತಾಳೆ. ಅತ್ತೆ-ಸೊಸೆಯರ ನಡುವೆ ಪಂಚಾಯ್ತಿ ಮಾಡಲು ಹೋದ ಮಗ ಇಬ್ಬರಿಂದಲೂ ಬೈಸಿಕೊಳ್ಳುತ್ತಾನೆ. ನೆರೆಮನೆಯ ವಿಷಯಕ್ಕೆ ತಲೆಹಾಕುವವನನ್ನು 'ನಿನಗೇಕಯ್ಯ ಊರ ಪಂಚಾಯ್ತಿ?' ಎಂದು ಗದರಿಸುವುದೂ ಉಂಟು. ಹೀಗೆ ಸವೆದು ಸವೆದು ಹಗುರವಾಗಿರುವ ಈ ಮಾತಿನ ಹಿಂದೆ ಒಂದು ಗಂಭೀರವಾದ ಒಪ್ಪಂದವಿದೆ. ಜಗಳವಾಡುವ ಇಬ್ಬರು, ತಮಗಿಬ್ಬರಿಗೂ ನಂಬಿಕೆಯಿರುವ ಮೂರನೆಯವನೊಬ್ಬನ ಮುಂದೆ ನಿಂತು, 'ನೀವು ಹೇಳಿದಂತೆ ಆಗಲಿ' ಎಂದು ಮೊದಲೇ ತಲೆಬಾಗುವುದೇ ಆ ಒಪ್ಪಂದ.

ಇಂದಿನ ಕಾನೂನಿನ ಕನ್ನಡದಲ್ಲಿ ಇದಕ್ಕೆ 'ಮಧ್ಯಸ್ಥಿಕೆ' ಎಂದು ಹೆಸರು. ಮಧ್ಯಸ್ಥರು ಕೊಡುವ ತೀರ್ಮಾನ 'ಐತೀರ್ಪು'. ಕನ್ನಡ ಪಾಠ ಹೇಳುವ ನನಗೆ ಈ ಎರಡನೆಯ ಪದ ಬಹಳ ಇಷ್ಟ. ಐವರು ಕೂತು ಹೇಳಿದ ತೀರ್ಪು ಎಂಬ ಅರ್ಥ ಅದರೊಳಗಿನಿಂದ ಹೊಳೆಯುತ್ತದೆ. ಈಗ ಐವರೇ ಇರಬೇಕೆಂಬ ಕಟ್ಟಳೆಯಿಲ್ಲ, ಒಬ್ಬರಿರಬಹುದು, ಮೂವರಿರಬಹುದು. ಸಂಖ್ಯೆ ಬೆಸವಾಗಿರಬೇಕೆಂದು ಮಾತ್ರ 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯಿದೆ ಹೇಳುತ್ತದೆ. ಇಬ್ಬರು ಪಂಚರು ಕೂತು ಆ ಇಬ್ಬರೇ ಜಗಳವಾಡಿದರೆ ಅವರಿಗೆ ಪಂಚಾಯ್ತಿ ಮಾಡುವವರು ಯಾರು?

ಈಗ ನನ್ನ ಪ್ರಶ್ನೆ. 'ನೀವು ಹೇಳಿದಂತೆ ಆಗಲಿ' ಎಂದು ಒಪ್ಪಿದವನು, ತೀರ್ಪು ತನಗೆ ವಿರುದ್ಧವಾದ ಮರುದಿನವೇ ಕೋರ್ಟಿನ ಬಾಗಿಲು ತಟ್ಟಬಹುದೆ? ತಟ್ಟಿದರೆ ಆ ಬಾಗಿಲು ಎಷ್ಟು ತೆರೆಯಬೇಕು? ಇದು ವಕೀಲರ ಚರ್ಚೆ, ನಮಗೇನು ಎಂದು ಪುಟ ತಿರುವಬೇಡಿ. ನಿಮ್ಮ ಮನೆಯ ಕಪಾಟಿನಲ್ಲಿರುವ ಸಾಲದ ಕಾಗದಗಳಲ್ಲಿ, ಸಣ್ಣ ಅಕ್ಷರದಲ್ಲಿ, ಈ ಪ್ರಶ್ನೆ ನಿಮಗಾಗಿಯೂ ಕಾದಿರಬಹುದು.

ಹಿಂದಿನ ಕಾಲದಲ್ಲಿ ಪಂಚರ ಮಾತೇ ಕೊನೆಯ ಮಾತಾಗಿತ್ತು, ಈ ಅಪೀಲುಗಳೆಲ್ಲ ಬ್ರಿಟಿಷರು ತಂದ ರೋಗ ಎಂದು ಹೇಳುವ ಹಿರಿಯರನ್ನು ಕಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಅದರ ವ್ಯವಹಾರ ಭಾಗದಲ್ಲಿ ಕುಲ, ಶ್ರೇಣಿ, ಪೂಗ ಎಂಬ ಮೂರು ಬಗೆಯ ಸಭೆಗಳ ಮಾತು ಬರುತ್ತದೆ. ಕುಲವೆಂದರೆ ಬಂಧುಗಳ ಕೂಟ. ಶ್ರೇಣಿಯೆಂದರೆ ಒಂದೇ ಕಸುಬಿನವರ ಕೂಟ. ಪೂಗವೆಂದರೆ ಒಂದೂರಿನಲ್ಲಿ ನೆಲೆಸಿದ ನಾನಾ ಜಾತಿಯ, ನಾನಾ ಕಸುಬಿನ ಜನರ ಕೂಟ. ಬಂಧುಗಳ ತೀರ್ಮಾನದಿಂದ ತೃಪ್ತಿಯಾಗದವನು ಶ್ರೇಣಿಗೆ ಹೋಗಬಹುದು, ಅಲ್ಲಿಂದ ಪೂಗಕ್ಕೆ, ಅಲ್ಲಿಂದ ರಾಜನು ನೇಮಿಸಿದ ಅಧಿಕಾರಿಗಳ ಬಳಿಗೆ. ಏರುವ ದಾರಿಯುಂಟು, ಇಳಿಯುವ ದಾರಿಯಿಲ್ಲ. ಒಂಬತ್ತು ಶತಮಾನಗಳ ಹಿಂದೆಯೇ ನಮ್ಮ ನಾಡಿನಲ್ಲಿ ಕುಳಿತವನೊಬ್ಬ, ಪಂಚರ ಮಾತನ್ನೂ ಇನ್ನೊಬ್ಬರು ತೂಗಿ ನೋಡಬೇಕಾದೀತು ಎಂದು ಬಗೆದಿದ್ದ. ಹಾಗಾದರೆ ಬಾಗಿಲು ಇರಬೇಕೆ ಎಂಬುದು ಹಳೆಯ ಪ್ರಶ್ನೆ. ಎಷ್ಟು ಅಗಲ ಇರಬೇಕು ಎಂಬುದೇ ಇಂದಿನ ಪ್ರಶ್ನೆ.

ಕನ್ನಡ ಎಂ.ಎ. ಮಾಡಿದವನಿಗೆ ಈ ವಿಷಯ ಹೇಗೆ ಅಂಟಿತು ಎಂದು ನೀವು ಕೇಳಬಹುದು. ಅದು ನನ್ನ ಸೋದರಮಾವನ ಕೊಡುಗೆ.

ಮಾವ ಸಣ್ಣ ಕಂಟ್ರಾಕ್ಟರು. ಮೋರಿ, ಕಾಲುವೆ, ಶಾಲೆಯ ಕಾಂಪೌಂಡು ಇಂಥವೇ ಅವರ ಕೆಲಸಗಳು. ಇಲಾಖೆಯೊಂದರಿಂದ ಅವರಿಗೆ ಕೆರೆಯ ಕೋಡಿ ದುರಸ್ತಿ ಮಾಡಿ ನಾಲೆ ತೋಡುವ ಕೆಲಸ ಸಿಕ್ಕಿತು. ಕರಾರಿನಲ್ಲಿ ಮಣ್ಣು ಅಗೆಯುವುದಕ್ಕೆ ಘನಮೀಟರಿಗೆ ಇಷ್ಟು ಎಂದು ದರವಿತ್ತು. ಅಗೆಯುತ್ತ ಹೋದಂತೆ ಮಣ್ಣು ಮುಗಿದು ಕರಿಬಂಡೆ ಎದುರಾಯಿತು. 'ಸಿಡಿಸಿ ಮುಂದುವರಿಸಿ, ದರ ಆಮೇಲೆ ನೋಡೋಣ' ಎಂದು ಸ್ಥಳದಲ್ಲಿ ಬಾಯಿಮಾತಿನ ಅಪ್ಪಣೆಯಾಯಿತು. ಮಾವ ಸಿಡಿಸಿದರು. ಬಿಲ್ಲು ಬಂದಾಗ, 'ಕರಾರಿನಲ್ಲಿ ಇರುವುದು ಒಂದೇ ದರ, ಮಣ್ಣಾದರೇನು, ಬಂಡೆಯಾದರೇನು?' ಎಂಬ ಉತ್ತರ ಬಂತು. ಕರಾರಿನ ಕೊನೆಯಲ್ಲಿ, ತಕರಾರು ಬಂದರೆ ಮಧ್ಯಸ್ಥರಿಗೆ ಒಪ್ಪಿಸತಕ್ಕದ್ದು ಎಂದು ಬರೆದಿತ್ತು. ಎರಡೂ ಕಡೆಯವರು ಒಪ್ಪಿ, ನಿವೃತ್ತ ಇಂಜಿನಿಯರೊಬ್ಬರನ್ನು ಮಧ್ಯಸ್ಥರನ್ನಾಗಿ ಆರಿಸಿದರು.

ಆ ಹಿರಿಯರು ಟೇಪು ಹಿಡಿದು ನಾಲೆಯುದ್ದಕ್ಕೂ ಓಡಾಡಿದರಂತೆ. ಬಂಡೆಯ ಮೈಮೇಲೆ ಮದ್ದು ತುಂಬಲು ಕೊರೆದ ಕುಳಿಗಳ ಅರ್ಧ ಗುರುತುಗಳು ಇನ್ನೂ ಉಳಿದಿದ್ದವು. ಅವನ್ನು ಒಂದೊಂದಾಗಿ ಎಣಿಸಿ, ಎರಡೂ ಕಡೆಯವರ ಸಹಿ ಪಡೆದು, ಅಳತೆ ಬರೆದುಕೊಂಡರು. 2004ರಲ್ಲಿ ಐತೀರ್ಪು ಬಂತು: ಬಂಡೆಗೆ ಬೇರೆ ದರ ಕೊಡಬೇಕು, ಒಟ್ಟು 11 ಲಕ್ಷ 40 ಸಾವಿರ ರೂಪಾಯಿ, ಪಾವತಿಯಾಗುವವರೆಗೆ ಶೇಕಡಾ 12ರ ಬಡ್ಡಿ. ಅಂದು ಮಾವ ಮನೆಗೆ ಮೈಸೂರು ಪಾಕು ತಂದರು. ನಾನಾಗ ಪಿ.ಯು.ಸಿ. ಹುಡುಗ, ಅವರ ಕಡತಗಳನ್ನು ಹೊತ್ತುಕೊಂಡು ಹಿಂದೆ ಓಡಾಡುವುದು ರಜದ ದಿನಗಳ ನನ್ನ ಉದ್ಯೋಗ.

ಮೂರು ತಿಂಗಳು ತುಂಬುವುದಕ್ಕೆ ಇನ್ನೇನು ಎರಡು ದಿನ ಇದೆ ಎನ್ನುವಾಗ ಜಿಲ್ಲಾ ಕೋರ್ಟಿನ ನೋಟೀಸು ಬಂತು. ಕಾಯಿದೆಯ 34ನೆಯ ಕಲಮಿನಂತೆ ಐತೀರ್ಪನ್ನು ರದ್ದುಮಾಡಬೇಕೆಂದು ಇಲಾಖೆ ಅರ್ಜಿ ಹಾಕಿತ್ತು.

ಮಾವ ಮೊದಲು ಗಾಬರಿಯಾಗಲಿಲ್ಲ. 'ಪಂಚರು ಬಂದು ಬಂಡೆ ಎಣಿಸಿ ಹೋಗಿದ್ದಾರಲ್ಲೋ, ಜಡ್ಜು ಸಾಹೇಬರು ಇನ್ನೇನು ಎಣಿಸಿಯಾರು?' ಎಂದು ನಕ್ಕರು. ಆದರೆ ವಕೀಲರ ಮುಖದಲ್ಲಿ ನಗೆಯಿರಲಿಲ್ಲ. ಅಂದು ಅವರ ಕಚೇರಿಯ ಬೆಂಚಿನ ಮೇಲೆ ಕೂತು ನಾನು ಕೇಳಿಸಿಕೊಂಡದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

1940ರ ಹಳೆಯ ಕಾಯಿದೆಯಲ್ಲಿ ಪಂಚರ ತೀರ್ಪಿಗೆ ತನ್ನದೇ ಆದ ಜೀವವಿರಲಿಲ್ಲ. ಅದನ್ನು ಕೋರ್ಟಿಗೆ ಸಲ್ಲಿಸಿ, ಆಕ್ಷೇಪಣೆಗಳ ವಿಚಾರಣೆಯಾಗಿ, ಕೋರ್ಟು ಡಿಕ್ರಿ ಕೊಟ್ಟಮೇಲಷ್ಟೇ ಹಣ ವಸೂಲಿ. ಕೋರ್ಟಿಗೆ ಹೋಗದಿರಲೆಂದು ಹಿಡಿದ ದಾರಿ ಕೋರ್ಟಿನಲ್ಲೇ ಕೊನೆಗೊಳ್ಳುತ್ತಿತ್ತು. ಆ ಕಾಯಿದೆಯಡಿ ವ್ಯವಹಾರಗಳು ನಡೆಯುವ ರೀತಿಯನ್ನು ಕಂಡು ವಕೀಲರು ನಗುವಂತೆಯೂ ನ್ಯಾಯದ ತತ್ತ್ವ ಬಲ್ಲವರು ಅಳುವಂತೆಯೂ ಆಗಿದೆ ಎಂದು 1981ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಡಿ. ಎ. ದೇಸಾಯಿಯವರು ನೊಂದು ಬರೆದರು. 1996ರಲ್ಲಿ ಹೊಸ ಕಾಯಿದೆ ಬಂತು. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 1985ರಲ್ಲಿ ರೂಪಿಸಿದ್ದ ಮಾದರಿಯೇ ಅದಕ್ಕೆ ಆಧಾರ. ಐತೀರ್ಪು ತಾನೇ ಡಿಕ್ರಿಯಷ್ಟು ಬಲವುಳ್ಳದ್ದು. ಅದನ್ನು ಪ್ರಶ್ನಿಸುವವನು ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣವಿದ್ದರೆ ಇನ್ನು 30 ದಿನ, ಅದರ ಮೇಲೆ ಒಂದು ದಿನವೂ ಇಲ್ಲ.

ಪ್ರಶ್ನಿಸುವ ಕಾರಣಗಳೂ ಬೆರಳೆಣಿಕೆಯವು. ಒಪ್ಪಂದವೇ ಸಿಂಧುವಲ್ಲ, ನನಗೆ ನೋಟೀಸು ಬರಲಿಲ್ಲ, ನನ್ನ ಮಾತು ಹೇಳಲು ಅವಕಾಶವಾಗಲಿಲ್ಲ, ಒಪ್ಪಿಸದ ವಿಷಯವನ್ನೂ ಮಧ್ಯಸ್ಥರು ತೀರ್ಮಾನಿಸಿದರು, ಒಪ್ಪಂದದಂತೆ ಮಧ್ಯಸ್ಥರನ್ನು ಆರಿಸಲಿಲ್ಲ, ಈ ವಿಷಯ ಮಧ್ಯಸ್ಥಿಕೆಗೆ ತಕ್ಕದ್ದೇ ಅಲ್ಲ, ಐತೀರ್ಪು ದೇಶದ ಸಾರ್ವಜನಿಕ ನೀತಿಗೆ ವಿರುದ್ಧವಾಗಿದೆ. ಮುಖ್ಯವಾಗಿ ಇಷ್ಟೆ. 'ಮಧ್ಯಸ್ಥರು ತಪ್ಪು ಹೇಳಿದರು' ಎಂಬುದು ಈ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿ.

ಇದು ವಿಚಿತ್ರವೆನಿಸಬಹುದು. ತಪ್ಪನ್ನು ತಿದ್ದದಿದ್ದರೆ ಕೋರ್ಟು ಏಕೆ? ನನ್ನ ವೃತ್ತಿಯಿಂದ ಒಂದು ಹೋಲಿಕೆ ಕೊಡುತ್ತೇನೆ. ಪರೀಕ್ಷೆಯ ಫಲಿತಾಂಶ ಬಂದಮೇಲೆ ವಿದ್ಯಾರ್ಥಿಗಳು ಎರಡು ಬಗೆಯ ಅರ್ಜಿ ಹಾಕುವುದುಂಟು. ಒಂದು ಮರುಎಣಿಕೆ, ಕೂಡಿಸಿದ್ದು ಸರಿಯೆ, ಎಲ್ಲ ಪುಟಗಳನ್ನೂ ನೋಡಿದ್ದಾರೆಯೆ ಎಂದು ಪರಿಶೀಲಿಸುವುದು. ಇನ್ನೊಂದು ಮರುಮೌಲ್ಯಮಾಪನ, ಇನ್ನೊಬ್ಬ ಅಧ್ಯಾಪಕ ಉತ್ತರವನ್ನೆಲ್ಲ ಹೊಸದಾಗಿ ಓದಿ ತನ್ನ ಅಂಕ ಕೊಡುವುದು. ಪಂಪನ ಕರ್ಣನನ್ನು ಕುರಿತ ಒಂದೇ ಉತ್ತರಕ್ಕೆ ನಾನು ಹತ್ತಕ್ಕೆ ಆರು ಕೊಟ್ಟರೆ ನನ್ನ ಪಕ್ಕದ ಮೇಜಿನವರು ಎಂಟು ಕೊಟ್ಟಾರು. ಎಂಟು ಸರಿ, ಆರು ತಪ್ಪು ಎನ್ನಲು ಯಾವ ತಕ್ಕಡಿಯಿದೆ? ಮೂರನೆಯವರು ಏಳು ಎಂದರೆ? ಎಲ್ಲೋ ಒಂದು ಕಡೆ ನಿಲ್ಲಿಸದಿದ್ದರೆ ಹುಡುಗನಿಗೆ ಕೆಲಸ ಸಿಗುವ ವಯಸ್ಸೇ ಮೀರಿಹೋದೀತು. 34ನೆಯ ಕಲಮು ಹುಟ್ಟಿದ್ದು ಮರುಎಣಿಕೆಯ ಜಾತಿಯಲ್ಲಿ. ಪರೀಕ್ಷಕರು ಪಕ್ಷಪಾತಿಯಾಗಿದ್ದರೆ? ಹುಡುಗನಿಗೆ ಪ್ರಶ್ನೆಪತ್ರಿಕೆಯನ್ನೇ ಕೊಟ್ಟಿರಲಿಲ್ಲವೆ? ಪಠ್ಯದಲ್ಲೇ ಇಲ್ಲದ ಪ್ರಶ್ನೆ ಕೇಳಿದರೆ? ಇವನ್ನು ನೋಡುವುದು ಕೋರ್ಟಿನ ಕೆಲಸ. ಆರಕ್ಕೆ ಬದಲು ಎಂಟು ಕೊಡಬಹುದಿತ್ತು ಎನ್ನುವುದಲ್ಲ.

ಮಾವನ ದುರದೃಷ್ಟ ನೋಡಿ. ಐತೀರ್ಪು ಬರುವ ಮೊದಲ ವರ್ಷ, 2003ರಲ್ಲಿ, ತೈಲ ಮತ್ತು ನೈಸರ್ಗಿಕ ಅನಿಲ ನಿಗಮ ಹಾಗೂ ಸಾ ಪೈಪ್ಸ್ ಕಂಪೆನಿಯ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 'ಸಾರ್ವಜನಿಕ ನೀತಿ'ಯ ಅರ್ಥವನ್ನು ಹಿಗ್ಗಿಸಿತ್ತು. ಎದ್ದು ಕಾಣುವಂತೆ ಕಾನೂನುಬಾಹಿರವಾದ, ಕಾಯಿದೆಗೋ ಕರಾರಿನ ಷರತ್ತಿಗೋ ವಿರುದ್ಧವಾದ ಐತೀರ್ಪನ್ನೂ ರದ್ದುಮಾಡಬಹುದೆಂದು ಹೇಳಿತ್ತು. ಉದ್ದೇಶ ಒಳ್ಳೆಯದೇ. ಆದರೆ ಸೋತವನಿಗೆ ಇಷ್ಟು ಸಂದು ಸಾಕು. 'ಕರಾರಿನಲ್ಲಿ ಒಂದೇ ದರವಿದೆ, ಮಧ್ಯಸ್ಥರು ಎರಡು ಮಾಡಿದ್ದಾರೆ, ಇದು ಕರಾರಿಗೆ ವಿರುದ್ಧ' ಎಂದು ಇಲಾಖೆಯ ವಕೀಲರು ವಾದಿಸಿದರು. ಕರಾರಿನ ಮಾತಿಗೆ ಅರ್ಥ ಹೇಳುವುದೇ ಮಧ್ಯಸ್ಥರಿಗೆ ಒಪ್ಪಿಸಿದ್ದ ಕೆಲಸವಲ್ಲವೆ? ಆ ಅರ್ಥ ಹಿಡಿಸದವನು ಅದನ್ನೇ ಅಪರಾಧವೆಂದು ಕರೆದ. ಮರುಎಣಿಕೆಯ ಅರ್ಜಿ ಮೆಲ್ಲಗೆ ಮರುಮೌಲ್ಯಮಾಪನವಾಯಿತು. ಬಂಡೆ ಎಣಿಸಿದ ಕಾಗದಗಳೆಲ್ಲ ಮತ್ತೆ ಮೇಜಿನ ಮೇಲೆ ಬಂದವು.

ಇನ್ನೊಂದು ಕಷ್ಟವಿತ್ತು. ಆಗಿನ ಕಾಯಿದೆಯ 36ನೆಯ ಕಲಮನ್ನು ಓದಿದ ರೀತಿಯಲ್ಲಿ, 34ರ ಅರ್ಜಿ ಹಾಕಿದ ಕ್ಷಣದಿಂದಲೇ ಐತೀರ್ಪು ತಾನಾಗಿ ನಿದ್ದೆಹೋಗುತ್ತಿತ್ತು. ತಡೆಯಾಜ್ಞೆ ಕೇಳುವುದೇ ಬೇಡ, ಹಣ ಠೇವಣಿ ಇಡುವುದೂ ಬೇಡ. ಸೋತವನು ಅರ್ಜಿಯ ಮುದ್ರೆ ಒತ್ತಿಸಿಕೊಂಡು ಮನೆಗೆ ಹೋಗಿ ಮಲಗಬಹುದು. ಗೆದ್ದವನಿಗೆ ಮಾತ್ರ ನಿದ್ದೆಯಿಲ್ಲ.

ವಾಯಿದೆಗಳ ಮೇಲೆ ವಾಯಿದೆಗಳು ಬಂದವು. ಜಡ್ಜರು ವರ್ಗವಾದರು; ಇಲಾಖೆಯ ವಕೀಲರು ಬದಲಾದರು; ಕಡತವೊಂದು ಕೆಲವು ತಿಂಗಳು ಕಾಣೆಯಾಗಿ ತಾನೇ ಹಿಂದಿರುಗಿತು. ಮಾವ ಕಾಂಕ್ರೀಟು ಕಲಸುವ ಯಂತ್ರ ಮಾರಿದರು. ಮುಂದಿನ ವರ್ಷ ಲಾರಿ ಹೋಯಿತು. ಬಂಡೆ ಸಿಡಿಸಿದ ಕೂಲಿಯವರಿಗೆ ಸಾಲ ಮಾಡಿ ಕೊಟ್ಟಿದ್ದ ಹಣಕ್ಕೆ ಅವರು ಕಟ್ಟುತ್ತಿದ್ದ ಬಡ್ಡಿ ಶೇಕಡಾ 12 ಆಗಿರಲಿಲ್ಲ, 24. 2010ರಲ್ಲಿ ಜಿಲ್ಲಾ ಕೋರ್ಟು ಅರ್ಜಿಯನ್ನು ವಜಾ ಮಾಡಿತು. ಇಲಾಖೆ 37ನೆಯ ಕಲಮಿನಂತೆ ಹೈಕೋರ್ಟಿಗೆ ಅಪೀಲು ಹೋಯಿತು. 2014ರ ಕೊನೆಗೆ ಅದೂ ವಜಾ ಆಯಿತು. ಹಣ ಕೈಗೆ ಬಂದಾಗ ಬಡ್ಡಿ ಸೇರಿ 25 ಲಕ್ಷಕ್ಕೆ ಮೇಲಾಗಿತ್ತು. 11 ಲಕ್ಷದಲ್ಲಿ ಮುಗಿಯುತ್ತಿದ್ದ ಋಣಕ್ಕೆ ಸರ್ಕಾರದ ಬೊಕ್ಕಸ, ಎಂದರೆ ನಾವು ನೀವು, ಅದರ ಎರಡರಷ್ಟಕ್ಕಿಂತ ಹೆಚ್ಚು ತೆತ್ತೆವು. ಅಷ್ಟರಲ್ಲಿ ಮಾವ ಕಂಟ್ರಾಕ್ಟು ಬಿಟ್ಟು ಎರಡು ವರ್ಷವಾಗಿತ್ತು. ಅವರ ಮಗ ಇಂಜಿನಿಯರಿಂಗ್ ಓದುವ ಆಸೆ ಬಿಟ್ಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ.

'ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ, ಅಲ್ಲವೇನೋ?' ಎಂದು ಅತ್ತೆಯ ಕಡೆ ನೋಡಿ ಅವರು ಚೆಕ್ಕನ್ನು ದೇವರ ಮುಂದಿಟ್ಟರು. ಈ ಸಲ ಮೈಸೂರು ಪಾಕು ಬರಲಿಲ್ಲ.

ಮಾವನ ಹಣ ಬಂದ ಮರುವರ್ಷ ಕಾಯಿದೆ ತಿದ್ದುಪಡಿಯಾಯಿತು. 2015ರ ತಿದ್ದುಪಡಿಯಂತೆ ಅರ್ಜಿ ಹಾಕಿದ ಮಾತ್ರಕ್ಕೆ ಐತೀರ್ಪು ನಿಲ್ಲುವುದಿಲ್ಲ. ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಬೇಕು, ಕೋರ್ಟು ಷರತ್ತು ಹಾಕಬಹುದು. ಎದ್ದು ಕಾಣುವ ಕಾನೂನುಬಾಹಿರತೆ ಎಂಬ ಕಾರಣ ದೇಶದೊಳಗಿನ ಐತೀರ್ಪುಗಳಿಗೆ ಉಳಿಯಿತು. ಆದರೆ ಕಾನೂನನ್ನು ತಪ್ಪಾಗಿ ಅನ್ವಯಿಸಿದರೆಂಬ ಮಾತ್ರಕ್ಕಾಗಲಿ, ಸಾಕ್ಷ್ಯವನ್ನು ಮತ್ತೆ ತೂಗಿಯಾಗಲಿ ರದ್ದುಮಾಡಕೂಡದೆಂದು ಸ್ಪಷ್ಟವಾಗಿ ಬರೆದರು. ಅರ್ಜಿ ಒಂದು ವರ್ಷದಲ್ಲಿ ಇತ್ಯರ್ಥವಾಗಬೇಕೆಂದೂ ಹೇಳಿದರು. ಆ ಒಂದು ವರ್ಷ ಅನೇಕ ಕಡೆ ಆಸೆಯಾಗಿಯೇ ಉಳಿದಿದೆಯೆಂಬುದು ಬೇರೆ ಮಾತು. 2019ರಲ್ಲಿ ಹಳೆಯ ಮೊಕದ್ದಮೆಗಳಿಗೆ ತಾನಾಗಿ ಬರುವ ತಡೆಯನ್ನು ಉಳಿಸುವಂಥ ಕಲಮೊಂದನ್ನು ಸಂಸತ್ತು ಸೇರಿಸಿದಾಗ, ಅದೇ ವರ್ಷ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು.

ಇಲ್ಲಿಗೆ ನಿಲ್ಲಿಸಿದರೆ, ಬಾಗಿಲನ್ನು ಪೂರ್ತಿ ಮುಚ್ಚಿಬಿಡುವುದೇ ಲೇಸು ಎಂದು ನಿಮಗೆ ತೋರೀತು. ಮಾವನೂ ಬಹುಕಾಲ ಹಾಗೆಯೇ ಹೇಳುತ್ತಿದ್ದರು. ಆದರೆ 2022ರಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು, ನಿವೃತ್ತ ಶಾಲಾ ಮೇಷ್ಟರು, ಕೈಯಲ್ಲೊಂದು ಉದ್ದನೆಯ ಲಕೋಟೆ ಹಿಡಿದು ನನ್ನಲ್ಲಿಗೆ ಬಂದರು. ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಎಲ್ಲವೂ ತಿಳಿದಿರುತ್ತದೆಂಬುದು ನಮ್ಮ ಬೀದಿಯ ನಂಬಿಕೆ.

ಅಳಿಯ ಸರಕು ಸಾಗಿಸುವ ಆಟೋ ಕೊಳ್ಳುವಾಗ ಹಣಕಾಸಿನ ಕಂಪೆನಿಯೊಂದರಿಂದ ಸಾಲ ತೆಗೆದುಕೊಂಡಿದ್ದ. ಮೇಷ್ಟರು ಜಾಮೀನು ನಿಂತಿದ್ದರು. ಕೊರೋನಾ ಕಾಲದಲ್ಲಿ ಕಂತುಗಳು ತಪ್ಪಿದವು. ಕಂಪೆನಿ ಆಟೋವನ್ನು ಒಯ್ದು ಮಾರಿತು. ಅಲ್ಲಿಗೆ ಮುಗಿಯಿತೆಂದುಕೊಂಡರೆ, ಹೊರರಾಜ್ಯದ ನಗರವೊಂದರಿಂದ ಈ ಲಕೋಟೆ ಬಂದಿತ್ತು. ಒಳಗೆ ಐತೀರ್ಪು. ಕಂಪೆನಿಯೇ ತನಗೆ ಬೇಕಾದವರೊಬ್ಬರನ್ನು ಮಧ್ಯಸ್ಥರೆಂದು ನೇಮಿಸಿತ್ತು. ಆ ಮಧ್ಯಸ್ಥರು ಮೇಷ್ಟರ ಮುಖ ಕಂಡಿರಲಿಲ್ಲ, ಮೇಷ್ಟರಿಗೆ ನೋಟೀಸು ಬಂದಿರಲಿಲ್ಲ. ಆಟೋ ಮಾರಿದ ಹಣವನ್ನೂ ಕಳೆಯದೆ ಪೂರ್ತಿ ಬಾಕಿಗೆ ಬಡ್ಡಿ ಸೇರಿಸಿ ತೀರ್ಪಾಗಿತ್ತು. 'ನಾನು ಯಾರ ಮುಂದೆಯೂ ತಲೆಬಾಗಿ ಒಪ್ಪಿಕೊಳ್ಳಲಿಲ್ಲವಲ್ಲ ಸ್ವಾಮಿ' ಎಂದರು ಮೇಷ್ಟರು. ಸಾಲದ ಕಾಗದದ ಹನ್ನೊಂದನೆಯ ಪುಟದಲ್ಲಿ ಅವರ ಸಹಿಯೇನೋ ಇತ್ತು.

ಅವರನ್ನು ಮಾವನ ಹಳೆಯ ವಕೀಲರ ಬಳಿಗೆ ಕರೆದೊಯ್ದೆ. ವಕೀಲರು ಮೊದಲು ನೋಡಿದ್ದು ಐತೀರ್ಪನ್ನಲ್ಲ, ಲಕೋಟೆಯ ಮೇಲಿನ ಅಂಚೆಯ ತಾರೀಖನ್ನು. ಕೈಗೆ ಬಂದು ನಲವತ್ತು ದಿನವಾಗಿತ್ತು, ಇನ್ನೂ ಕಾಲವಿತ್ತು. ತಕರಾರಿನಲ್ಲಿ ಹಿತಾಸಕ್ತಿಯುಳ್ಳವರು ತಾವೊಬ್ಬರೇ ಮಧ್ಯಸ್ಥರನ್ನು ನೇಮಿಸಕೂಡದೆಂದು ಸುಪ್ರೀಂ ಕೋರ್ಟು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಮೊಕದ್ದಮೆಯಲ್ಲಿ ಹೇಳಿದೆಯೆಂದು ಅವರು ವಿವರಿಸಿದರು. ಅರ್ಜಿಯನ್ನು ಆ ಹೊರನಗರದ ಕೋರ್ಟಿನಲ್ಲೇ ಹಾಕಬೇಕಾಯಿತು. ಮೇಷ್ಟರು ಎರಡು ಸಲ ರಾತ್ರಿ ರೈಲಿನಲ್ಲಿ ಹೋಗಿಬಂದರು. ಒಂದೂವರೆ ವರ್ಷದಲ್ಲಿ ಐತೀರ್ಪು ರದ್ದಾಯಿತು. ಆಮೇಲೆ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಧ್ಯಸ್ಥರನ್ನು ಆರಿಸುವುದರಲ್ಲಿ ಎರಡೂ ಕಡೆಯವರಿಗೆ ಸಮಾನ ಸ್ಥಾನವಿರಬೇಕೆಂದು ಎತ್ತಿ ಹೇಳಿತು.

ವಿಷಯ ತಿಳಿಸಲು ಮೇಷ್ಟರು ಮಾವನ ಮನೆಗೂ ಬಂದಿದ್ದರು. ಮಾವ ಎಲ್ಲವನ್ನೂ ಕೇಳಿ, ಬಹಳ ಹೊತ್ತು ಅಡಕೆ ಕತ್ತರಿಸುತ್ತ ಕೂತಿದ್ದು, 'ಮೇಷ್ಟ್ರೇ, ನನ್ನನ್ನು ಹತ್ತು ವರ್ಷ ಹೊರಗೆ ನಿಲ್ಲಿಸಿದ ಬಾಗಿಲೂ ಅದೇ, ನಿಮ್ಮನ್ನು ಒಳಗೆ ಕರೆದುಕೊಂಡ ಬಾಗಿಲೂ ಅದೇ ಕಣ್ರೀ' ಎಂದರು. ಅವರ ದನಿಯಲ್ಲಿ ಕಹಿಯಿರಲಿಲ್ಲ. ಕಾನೂನಿನ ಪುಸ್ತಕಗಳು ನೂರಾರು ಪುಟಗಳಲ್ಲಿ ಹೇಳುವುದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿದ್ದರು.

ಇಬ್ಬರ ಕಥೆಯಲ್ಲಿರುವ ಭೇದವನ್ನು ನೋಡಿ. ಮಾವನ ಮಧ್ಯಸ್ಥರನ್ನು ಇಬ್ಬರೂ ಕೂಡಿ ಆರಿಸಿದ್ದರು. ಇಬ್ಬರ ಮಾತನ್ನೂ ಅವರು ಕೇಳಿದ್ದರು. ಅಲ್ಲಿ ಇದ್ದದ್ದು ಅಭಿಪ್ರಾಯಭೇದ ಮಾತ್ರ. ಮೇಷ್ಟರ ಕಥೆಯಲ್ಲಿ ಪಂಚಾಯ್ತಿಯೇ ನಡೆದಿರಲಿಲ್ಲ. ಪಂಚಾಯ್ತಿಯ ವೇಷ ಹಾಕಿಕೊಂಡ ಒಂದು ಬೇಡಿಕೆ ಪತ್ರ ಬಂದಿತ್ತು. ಪಂಚಾಯ್ತಿ ನಡೆದಿದೆಯೆ ಎಂದು ಕೋರ್ಟು ಕಣ್ಣಿಟ್ಟು ನೋಡಲಿ. ನಡೆದಿದ್ದರೆ, ಪಂಚರು ಹೇಳಿದ್ದು ತನಗೆ ಹಿಡಿಸದಿದ್ದರೂ ಕೈ ಕಟ್ಟಿಕೊಳ್ಳಲಿ. ನನಗೆ ತೋರುವ ಸಾರ ಇಷ್ಟೆ.

ಹೇಳುವುದು ಸುಲಭ, ನಡೆಸುವುದು ಕಷ್ಟ. ಅದಕ್ಕೆ ದೊಡ್ಡವರ ಜಗಳವೊಂದೇ ಸಾಕ್ಷಿ. ದೆಹಲಿಯ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೋ ಮಾರ್ಗವನ್ನು ನಡೆಸಲು 2008ರಲ್ಲಿ ಖಾಸಗಿ ಕಂಪೆನಿಯೊಂದು ದೆಹಲಿ ಮೆಟ್ರೋ ನಿಗಮದೊಡನೆ ಕರಾರು ಮಾಡಿಕೊಂಡಿತು. ಸೇತುವೆಯ ತೊಲೆಗಳಲ್ಲಿ ದೋಷವಿದೆಯೆಂದು 2012ರ ಜುಲೈಯಲ್ಲಿ ರೈಲು ನಿಂತಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಂಪೆನಿ ಕರಾರನ್ನು ಮುರಿಯಿತು. 2017ರಲ್ಲಿ ಮಧ್ಯಸ್ಥರು ಕಂಪೆನಿಗೆ 2,782 ಕೋಟಿ ರೂಪಾಯಿ ಕೊಡಬೇಕೆಂದರು. 2018ರಲ್ಲಿ ದೆಹಲಿ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಅದನ್ನು ಎತ್ತಿಹಿಡಿದರು. 2019ರಲ್ಲಿ ಅದೇ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನು ಬೀಳಿಸಿತು. 2021ರಲ್ಲಿ ಸುಪ್ರೀಂ ಕೋರ್ಟು ಮತ್ತೆ ನಿಲ್ಲಿಸಿತು. ಪುನರ್ವಿಮರ್ಶೆಯ ಅರ್ಜಿಯನ್ನೂ ತಳ್ಳಿತು. 2024ರ ಏಪ್ರಿಲಿನಲ್ಲಿ, ಬಲು ಅಪರೂಪದ ಪರಿಹಾರಾರ್ಥ ಅರ್ಜಿಯಲ್ಲಿ, ಸುಪ್ರೀಂ ಕೋರ್ಟೇ ತನ್ನ ಹಿಂದಿನ ತೀರ್ಪನ್ನು ತೆಗೆದು ಐತೀರ್ಪನ್ನು ಬೀಳಿಸಿತು. ರೈಲು ಮಾರ್ಗ ಸುರಕ್ಷಿತವೆಂದು ಸುರಕ್ಷಾ ಆಯುಕ್ತರು ಕೊಟ್ಟಿದ್ದ ಪ್ರಮಾಣಪತ್ರದಂಥ ಮುಖ್ಯ ಸಾಕ್ಷ್ಯವನ್ನು ಮಧ್ಯಸ್ಥರು ಕಣ್ಣೆತ್ತಿಯೂ ನೋಡಲಿಲ್ಲವೆಂಬುದು ಕಾರಣ. ಒಂದೇ ಉತ್ತರಪತ್ರಿಕೆ, ಪಾಸು, ಫೇಲು, ಪಾಸು, ಫೇಲು! ಮುಖ್ಯ ಪುಟವನ್ನೇ ಪರೀಕ್ಷಕರು ಓದದಿದ್ದರೆ ಅದು ಮರುಎಣಿಕೆಯ ವಿಷಯವೆ, ಮರುಮೌಲ್ಯಮಾಪನದ ವಿಷಯವೆ? ದೇಶದ ಅತ್ಯುಚ್ಚ ಪೀಠಗಳೇ ಇಲ್ಲಿ ಒಂದೊಂದು ಉತ್ತರ ಕೊಟ್ಟವು. ಗೆರೆ ಇದೆ, ಅದನ್ನು ಎಲ್ಲಿ ಎಳೆಯಬೇಕೆಂಬುದು ಪ್ರತಿ ಸಲವೂ ಕಷ್ಟವೇ.

ನಮ್ಮ ಬೆಂಗಳೂರಿನದೂ ಒಂದು ಉದಾಹರಣೆಯಿದೆ. ಬಾಹ್ಯಾಕಾಶ ಇಲಾಖೆಯ ಆಂಟ್ರಿಕ್ಸ್ ಸಂಸ್ಥೆಗೂ ದೇವಾಸ್ ಮಲ್ಟಿಮೀಡಿಯಾ ಕಂಪೆನಿಗೂ 2005ರಲ್ಲಿ ಉಪಗ್ರಹ ತರಂಗಾಂತರದ ಕರಾರಾಯಿತು. 2011ರಲ್ಲಿ ಅದು ರದ್ದಾಯಿತು. 2015ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥರು ದೇವಾಸಿಗೆ 56 ಕೋಟಿ 25 ಲಕ್ಷ ಡಾಲರು ಕೊಡಬೇಕೆಂದರು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಕಂಪೆನಿಯ ವ್ಯವಹಾರದ ಬೇರಿನಲ್ಲೇ ವಂಚನೆಯಿದೆಯೆಂದು ಕಂಡು ಅದನ್ನು ಮುಚ್ಚಿಸುವ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟು ಐತೀರ್ಪನ್ನು ರದ್ದುಮಾಡಿತು. ಭಾರತದ ಹೊರಗಿನ ಕೋರ್ಟುಗಳಲ್ಲಿ ಆ ಹಣದ ಜಗಳ ಆಮೇಲೂ ಮುಂದುವರಿಯಿತು. ವಂಚನೆಗೆ ಬಾಗಿಲು ತೆರೆದಿರಲೇಬೇಕು. ಆದರೆ ತಡವಾಗಿ ಕಂಡ ವಂಚನೆ ಎಷ್ಟು ದುಬಾರಿಯೆಂಬುದಕ್ಕೂ ಇದೇ ನಿದರ್ಶನ.

ಕೊನೆಯದಾಗಿ, ಇತ್ತೀಚೆಗೆ ಬಿಡಿಸಿದ ಒಂದು ಕಗ್ಗಂಟು. ಐತೀರ್ಪಿನಲ್ಲಿ ಒಂದು ಭಾಗ ಮಾತ್ರ ಕೆಟ್ಟಿದ್ದರೆ ಕೋರ್ಟು ಅದನ್ನು ತಿದ್ದಬಹುದೆ? ಇಲ್ಲ, ರದ್ದುಮಾಡಬಹುದೇ ಹೊರತು ತಿದ್ದುವಂತಿಲ್ಲ ಎಂಬುದು 2006ರ ಮತ್ತು 2021ರ ಸುಪ್ರೀಂ ಕೋರ್ಟಿನ ತೀರ್ಪುಗಳ ನಿಲುವು. ಒಂದು ಪ್ರಶ್ನೆಯ ಅಂಕ ಕೂಡಿಸಿದ್ದು ತಪ್ಪಾದರೆ ಹುಡುಗ ಪರೀಕ್ಷೆಯನ್ನೇ ಮತ್ತೆ ಬರೆಯಬೇಕೆಂದ ಹಾಗೆ. 2025ರ ಏಪ್ರಿಲ್ 30ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಮಿತವಾಗಿ ತಿದ್ದಬಹುದು ಎಂದರು. ಕೆಟ್ಟ ಭಾಗವನ್ನು ಒಳ್ಳೆಯ ಭಾಗದಿಂದ ಬೇರ್ಪಡಿಸಬಹುದಾದಾಗ, ಲೆಕ್ಕದ ಅಥವಾ ಬರವಣಿಗೆಯ ತಪ್ಪು ಎದ್ದು ಕಾಣುವಾಗ, ಕೆಲವು ಸಂದರ್ಭಗಳಲ್ಲಿ ಐತೀರ್ಪಿನ ನಂತರದ ಬಡ್ಡಿಯ ವಿಷಯದಲ್ಲಿ. ಐದನೆಯವರಾದ ನ್ಯಾಯಮೂರ್ತಿ ಕೆ. ವಿ. ವಿಶ್ವನಾಥನ್ ಅವರು, ಕಾಯಿದೆ ಕೊಡದ ತಿದ್ದುವ ಅಧಿಕಾರ ಕೋರ್ಟಿಗಿಲ್ಲವೆಂದು ಭಿನ್ನಮತ ಬರೆದರು. ತಿದ್ದುವ ಕೈಗೆ ಕೆಂಪು ಮಸಿ ಸಿಕ್ಕಿದರೆ ಅದು ಎಲ್ಲಿ ನಿಲ್ಲುತ್ತದೆಂಬುದು ಮೇಷ್ಟರ ಜಾತಿಯವನಾದ ನನಗೆ ಚೆನ್ನಾಗಿ ಗೊತ್ತು. ಆ ಭಿನ್ನಮತದ ಭಯ ನನಗೆ ಅರ್ಥವಾಗುತ್ತದೆ. ಆದರೂ ಬಡ್ಡಿಯ ಲೆಕ್ಕವೊಂದಕ್ಕಾಗಿ ಇನ್ನೊಬ್ಬ ಸೋದರಮಾವ ಮತ್ತೆ ಮೊದಲಿನಿಂದ ಬಂಡೆ ಎಣಿಸುವುದು ಬೇಡವೆಂದು ನನ್ನ ಮನಸ್ಸು ನಾಲ್ವರ ಕಡೆಗೇ ವಾಲುತ್ತದೆ.

ಮನೆಯ ಯಜಮಾನರಿಗೆ, ಯಜಮಾನಿಯರಿಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಸಾಲದ ಕಾಗದಕ್ಕೋ ಜಾಮೀನಿಗೋ ಸಹಿ ಹಾಕುವಾಗ, ತಕರಾರನ್ನು ಯಾವ ಊರಿನಲ್ಲಿ, ಯಾರು ಆರಿಸಿದ ಮಧ್ಯಸ್ಥರು ತೀರ್ಮಾನಿಸುತ್ತಾರೆಂಬ ಕಲಮನ್ನು ಓದಿ. ಅಂಥ ಲಕೋಟೆ ಬಂದರೆ ದೇವರ ಪಟದ ಹಿಂದೆ ಸಿಕ್ಕಿಸಿಡಬೇಡಿ. ಬಂದ ತಾರೀಖನ್ನು ಮೇಲೆಯೇ ಬರೆದು ಆ ವಾರವೇ ಬಲ್ಲವರಿಗೆ ತೋರಿಸಿ. ಹಾಗೆಯೇ, ನೀವೇ ಒಪ್ಪಿ ಆರಿಸಿದ ಹಿರಿಯರು ಎರಡೂ ಕಡೆ ಕೇಳಿ ನಿಮಗೆ ವಿರುದ್ಧವಾಗಿ ಹೇಳಿದರೆ, ಕೋರ್ಟಿಗೆ ಹೊರಡುವ ಮುನ್ನ ಒಂದು ರಾತ್ರಿ ಮಲಗಿ ಯೋಚಿಸಿ. ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಕೋರ್ಟಿನ ಮೆಟ್ಟಿಲು ಹತ್ತಿಯೇ ಹೇಳಿದ್ದು. ಮೋಸ ಹೋದವನಿಗೆ ಬಾಗಿಲು ಬೇಗ ತೆರೆಯಲಿ. ಸೋತದ್ದಕ್ಕೆ ಮುನಿದವನಿಗೆ ಅದು ಅಷ್ಟೇ ಬೇಗ ಮುಚ್ಚಲಿ. ಎರಡನ್ನೂ ಬೇಗ ಮಾಡಬಲ್ಲ ಕೋರ್ಟಿದ್ದರೆ ಪಂಚರ ಮಾತಿಗೂ ಬೆಲೆ, ಕೋರ್ಟಿನ ಮಾತಿಗೂ ಬೆಲೆ.